ಆಡುಬಾನ್ ಬರ್ಡ್ ಕಾಲ್ ವಿಮರ್ಶೆ: ಪೊದೆಯೊಳಗಿನ ಹಕ್ಕಿ ಹೊರಗೆ ಬರುತ್ತದೆಯೇ?

ಬರ್ಚ್ ಮರದ ಒಂದು ಪುಟ್ಟ ಉರುಳೆ, ಅದರ ತೂತಿನಲ್ಲಿ ಕೂತ ಪ್ಯೂಟರ್ ಲೋಹದ ಬಿರಡೆ, ಎರಡರ ನಡುವೆ ಚಿಟಿಕೆಯಷ್ಟು ರೋಸಿನ್ ಪುಡಿ. ಆಡುಬಾನ್ ಬರ್ಡ್ ಕಾಲ್ ಅಂದರೆ ಇಷ್ಟೇ. ಇಡೀ ಸಾಧನ ಮುಷ್ಟಿಯೊಳಗೆ ಅಡಗುತ್ತದೆ. ಊದುವ ಕೆಲಸವಿಲ್ಲ, ಬ್ಯಾಟರಿ ಇಲ್ಲ. ಬಿರಡೆಯನ್ನು ಅತ್ತಿತ್ತ ತಿರುಚಿದರೆ ಚಿಕ್, ಚಿರ್ರ್, ಕೀಂ ಎನ್ನುವ ಸದ್ದುಗಳು ಹೊರಡುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯಲ್ಲಿದ್ದ ರೋಜರ್ ಎಡ್ಡಿ ಎಂಬ ಅಮೆರಿಕನ್ ಸೈನಿಕ ಅಲ್ಲಿನ ಹಕ್ಕಿ ಬೇಟೆಗಾರರ ಸಾಧನಗಳನ್ನು ನೋಡಿ, ಮರಳಿದ ಮೇಲೆ ಕನೆಕ್ಟಿಕಟ್‌ನಲ್ಲಿ ಇದನ್ನು ರೂಪಿಸಿದ. ಹಿಡಿದು ತಿನ್ನಲು ಹುಟ್ಟಿದ ಉಪಾಯ ಬೈನಾಕ್ಯುಲರ್ ಹಾಕಿಕೊಂಡವರ ಜೇಬಿಗೆ ಬಂದದ್ದು ಹಾಗೆ. ಇದೇ ತತ್ವದ ನಕಲುಗಳೂ ಬೇಕಾದಷ್ಟಿವೆ. ಇಲ್ಲಿ ಬರೆದದ್ದರಲ್ಲಿ ಬಹುಪಾಲು ಅವಕ್ಕೂ ಅನ್ವಯಿಸುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಹತ್ತು ಹದಿನೈದು ಮೀಟರಿನೊಳಗೆ ಆಗಲೇ ಇದ್ದು, ಎಲೆಗಳ ಮರೆಯಲ್ಲಿ ಮುಖ ತೋರಿಸದೆ ಓಡಾಡುತ್ತಿರುವ ಸಣ್ಣ ಹಕ್ಕಿಗಳನ್ನು ಕೊಂಬೆಯ ಹೊರತುದಿಗೆ ತರುವುದರಲ್ಲಿ, ಬಂದವನ್ನು ಇನ್ನೂ ಅರ್ಧ ನಿಮಿಷ ತಡೆದು ನಿಲ್ಲಿಸುವುದರಲ್ಲಿ ಇದು ನಿಪುಣ. ಖಾಲಿ ತೋಟದ ನಡುವೆ ನಿಂತು ಎಲ್ಲಿಂದಲೋ ಹಕ್ಕಿಗಳನ್ನು ಬರಮಾಡಿಕೊಳ್ಳುತ್ತೇನೆ ಎಂದು ಕೊಂಡವರಿಗೆ ನಿರಾಸೆ ಖಚಿತ. ಒಂದೆರಡು ಬೆಳಿಗ್ಗೆ ಪ್ರಯತ್ನಿಸಿ ಡ್ರಾಯರಿಗೆ ಎಸೆದ ಬರ್ಡ್ ಕಾಲ್‌ಗಳೆಲ್ಲ ಈ ಎರಡನೇ ಗುಂಪಿನವರವು. ಇನ್ನೊಂದು ಕೊರತೆಯೂ ಇದೆ: ಸರಿಯಾಗಿ ನುಡಿಸಲು ಎರಡೂ ಕೈ ಬೇಕು. ಹಕ್ಕಿ ಹೊರಬಂದ ಕ್ಷಣದಲ್ಲಿ ಬೈನಾಕ್ಯುಲರ್ ಎದೆಯ ಮೇಲೆ ತೂಗಾಡುತ್ತಿರುತ್ತದೆ. ಅದನ್ನು ಎತ್ತುವ ಚಲನೆಗೇ ಹಕ್ಕಿ ಮತ್ತೆ ಒಳಗೆ. ಹಾಗಾಗಿ ಒಬ್ಬಂಟಿ ಬರ್ಡರ್‌ಗಿಂತ, ಅಂದರೆ ಒಬ್ಬರೇ ಹಕ್ಕಿ ನೋಡಲು ಹೋಗುವವರಿಗಿಂತ, ಒಬ್ಬರು ನುಡಿಸಿ ಇನ್ನೊಬ್ಬರು ನೋಡುವ ಜೋಡಿಗೆ ಇದರ ಉಪಯೋಗ ಹೆಚ್ಚು.

ಸದ್ದು ಹುಟ್ಟುವ ಬಗೆ ಪಿಟೀಲಿನದ್ದೇ. ರೋಸಿನ್ ಎಂದರೆ ಪೈನ್ ಜಾತಿಯ ಮರಗಳ ರಾಳ, ಕಮಾನಿಗೆ ಉಜ್ಜುವಂಥದ್ದು. ಬಿರಡೆ ತಿರುಗುವಾಗ ರಾಳ ಅದನ್ನು ಅರೆಕ್ಷಣ ಹಿಡಿಯುತ್ತದೆ, ಒತ್ತಡ ಮೀರಿದಾಗ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಈ ಹಿಡಿ–ಬಿಡು ಅತಿ ವೇಗವಾಗಿ ನಡೆದು ಮರದ ಗೋಡೆಯನ್ನು ನಡುಗಿಸುತ್ತದೆ. ಆದ್ದರಿಂದ ನುಡಿಸುವವರ ಕೈಯಲ್ಲಿರುವುದು ಮೂರೇ ವಿಷಯ: ಎಷ್ಟು ವೇಗವಾಗಿ ತಿರುಚುತ್ತೀರಿ, ಎಷ್ಟು ಒತ್ತುತ್ತೀರಿ, ಎಷ್ಟು ದೂರ ತಿರುಗಿಸುತ್ತೀರಿ. ನಿರ್ದಿಷ್ಟ ಹಕ್ಕಿಯೊಂದರ ಹಾಡನ್ನು ಇದರಲ್ಲಿ ತೆಗೆಯಲು ಆಗುವುದಿಲ್ಲ, ತೆಗೆಯಬೇಕಾಗಿಯೂ ಇಲ್ಲ.

ಹಿಡಿತದಿಂದಲೇ ಶುರು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿಯಲ್ಲಷ್ಟೇ ಮರವನ್ನು ಹಿಡಿಯಬೇಕು. ಅಂಗೈಯಲ್ಲಿ ಮುಚ್ಚಿಕೊಂಡರೆ ಕಂಪನ ಸತ್ತು ಸದ್ದು ಮಂಕಾಗುತ್ತದೆ. ಬಲಗೈಯ ಎರಡು ಬೆರಳಲ್ಲಿ ಬಿರಡೆಯ ತಲೆ ಹಿಡಿದು, ಒಳಕ್ಕೆ ತುಸುವೇ ಒತ್ತುತ್ತಾ ತಿರುಚಿ. ಹೊಸಬರು ನಲ್ಲಿ ತಿರುಗಿಸಿದ ಹಾಗೆ ಪೂರ್ತಿ ಸುತ್ತು ಹಾಕುತ್ತಾರೆ. ಕೇಳಿಸುವುದು ಬಾಗಿಲ ಕೀಲಿನ ಕಿರಕಿರಿ. ಬೇಕಾದದ್ದು 20–30 ಡಿಗ್ರಿಯ ಚಿಕ್ಕ ಜರ್ಕ್. ಒಂದು ಜರ್ಕ್‌ಗೆ ಒಂದು "ಚಿಕ್". ಅದನ್ನೇ ಸೆಕೆಂಡಿಗೆ ಎರಡು ಮೂರರಂತೆ, ಅಂತರ ಒಂದೇ ಸಮ ಇರದ ಹಾಗೆ ಮಾಡಿದರೆ ಹಕ್ಕಿಗಳು ಪರಸ್ಪರ ಸಂಪರ್ಕದಲ್ಲಿರಲು ಬಿಡುವ ಸಣ್ಣ ದನಿಯಂತೆ ಕೇಳುತ್ತದೆ. ಮಣಿಕಟ್ಟನ್ನು ಸಡಿಲ ಬಿಟ್ಟು ಬಿರಡೆಯನ್ನು ಅತ್ತಿತ್ತ ನಡುಗಿಸಿದರೆ ಚಿರ್ರ್ ಎನ್ನುವ ಗದರಿಕೆ; ಹೆಚ್ಚು ಕೆಲಸಕ್ಕೆ ಬರುವ ಸದ್ದು ಇದೇ. ಒತ್ತಡ ಹೆಚ್ಚಿಸಿ ನಿಧಾನಕ್ಕೆ ಕಾಲುಸುತ್ತು ಎಳೆದರೆ ಕೀಂ ಎನ್ನುವ ಚೀರಾಟ ಬರುತ್ತದೆ. ಅದನ್ನು ತೀರ ಕಡಿಮೆ ಬಳಸಿ. ಯಾಕೆ ಎಂಬುದು ಮುಂದೆ ಬರುತ್ತದೆ.

ಒಂದೇ ಕೈಯಲ್ಲೂ ನುಡಿಸಬಹುದು. ಮರವನ್ನು ಕಿರುಬೆರಳು ಮತ್ತು ಉಂಗುರ ಬೆರಳಿನ ಮಡಿಕೆಯಲ್ಲಿ ಸಿಕ್ಕಿಸಿ, ಹೆಬ್ಬೆರಳು ತೋರುಬೆರಳುಗಳಿಂದ ಬಿರಡೆಯನ್ನು ಆಡಿಸುವುದು. "ಚಿಕ್" ಮಾತ್ರ ಬರುತ್ತದೆ, ಗದರಿಕೆ ಬರುವುದಿಲ್ಲ, ದನಿಯೂ ಸಣ್ಣದು. ಆದರೂ ಬೈನಾಕ್ಯುಲರ್ ಕಣ್ಣಿಗೆ ಹಿಡಿದುಕೊಂಡೇ ಹಕ್ಕಿಯನ್ನು ಇನ್ನಷ್ಟು ಹೊತ್ತು ನಿಲ್ಲಿಸಲು ಈ ಕೈಚಳಕ ಕಲಿತಿಡುವುದು ಲೇಸು.

ಈಗ ಯಾಕೆ ಹಕ್ಕಿ ಬರುತ್ತದೆ ಎಂಬ ಪ್ರಶ್ನೆ. ಸಣ್ಣ ಹಕ್ಕಿಗಳಿಗೆ ಎರಡು ಬಗೆಯ ಎಚ್ಚರಿಕೆ ಇದೆ. ಮರದಲ್ಲಿ ಕೂತ ಗೂಬೆಯೋ ಬಳ್ಳಿಯಲ್ಲಿ ಹರಿಯುತ್ತಿರುವ ಹಾವೋ ಕಂಡರೆ ಒರಟಾಗಿ, ಪದೇ ಪದೇ ಗದರುತ್ತವೆ. ಈ ಗದರಿಕೆಯಲ್ಲಿ ಕೆಳಗಿನಿಂದ ಮೇಲಿನವರೆಗೆ ಹಲವು ಸ್ಥಾಯಿಗಳು ಬೆರೆತಿರುವುದರಿಂದ ಸದ್ದು ಎಲ್ಲಿಂದ ಬಂತೆಂದು ಸುಲಭವಾಗಿ ತಿಳಿಯುತ್ತದೆ, ಬೇರೆ ಹಕ್ಕಿಗಳೂ ಬಂದು ಸೇರಿ ಶತ್ರುವನ್ನು ಮುತ್ತುತ್ತವೆ. ಬರ್ಡರ್‌ಗಳು ಇದನ್ನು ಮಾಬಿಂಗ್ ಎನ್ನುತ್ತಾರೆ. ಆಕಾಶದಲ್ಲಿ ಹಾರುವ ಬಿಜ್ಜು (ಸಣ್ಣ ಹಕ್ಕಿಗಳನ್ನು ಬೇಟೆಯಾಡುವ ಗಿಡುಗ) ಕಂಡಾಗ ಬಿಡುವ ಸದ್ದೇ ಬೇರೆ: ತೆಳು, ಎತ್ತರ, ಎಳೆದದ್ದು, ಮೆಲ್ಲಗೆ ಶುರುವಾಗಿ ಮೆಲ್ಲಗೆ ಮುಗಿಯುವಂಥದ್ದು. ಅದರ ಮೂಲ ಪತ್ತೆ ಮಾಡುವುದು ಕಷ್ಟ. ಕೇಳಿದ ಹಕ್ಕಿಗಳು ಇದ್ದಲ್ಲೇ ಸ್ತಬ್ಧವಾಗುತ್ತವೆ, ಇಲ್ಲವೇ ಪೊದೆಯ ಆಳಕ್ಕೆ ಇಳಿಯುತ್ತವೆ. ಈ ಎರಡರ ಧ್ವನಿರಚನೆಯ ವ್ಯತ್ಯಾಸವನ್ನು ಪೀಟರ್ ಮಾರ್ಲರ್ 1955ರಲ್ಲೇ ವಿವರಿಸಿದ್ದರು.

ಬರ್ಡ್ ಕಾಲ್‌ನ ಬಲವೂ ದೌರ್ಬಲ್ಯವೂ ಇಲ್ಲೇ ಇವೆ. ಚಿಕ್ ಮತ್ತು ಚಿರ್ರ್‌ಗಳು ಗದರಿಕೆಯ ಕಡೆಗೆ ವಾಲುತ್ತವೆ. ಎಳೆದ ಕೀಂ ಆ ಇನ್ನೊಂದು ಎಚ್ಚರಿಕೆಗೆ ಅಪಾಯಕರವಾಗಿ ಹತ್ತಿರ ಹೋಗುತ್ತದೆ. ನುಡಿಸಿದಷ್ಟೂ ಪೊದೆ ಮೌನವಾಗುತ್ತಿದೆ ಎಂದರೆ ಕೈ ಅರಿವಿಲ್ಲದೆ ಉದ್ದ ಎಳೆತಕ್ಕೆ ಜಾರಿದೆ ಎಂದೇ ತಿಳಿಯಬೇಕು. ಗದರಿಕೆಯಲ್ಲೂ ಸಾಧನಕ್ಕೊಂದು ಮಿತಿ ಇದೆ. ಸದ್ದು ತೆಳು, ಒರಟುತನ ಸಾಲದು, ಎತ್ತರದ ಸ್ಥಾಯಿಯಾದ್ದರಿಂದ ಎಲೆ ಕೊಂಬೆಗಳ ನಡುವೆ ಬೇಗ ಚದುರಿಹೋಗುತ್ತದೆ. ದಟ್ಟ ಹಸಿರಿನಲ್ಲಿ 20–25 ಮೀಟರಿನಾಚೆಗೆ ಇದರಿಂದ ಏನನ್ನೂ ನಿರೀಕ್ಷಿಸಬೇಡಿ.

ಆ ಒರಟುತನ ಬಾಯಿಗೆ ಇದೆ. ಪಿಶಿಂಗ್ ಎನ್ನುವ ವಿದ್ಯೆಗೆ ದುಡ್ಡು ಬೇಡ. ಹಲ್ಲುಗಳನ್ನು ಹಗುರವಾಗಿ ಕೂಡಿಸಿ, ತುಟಿಯನ್ನು ಸ್ವಲ್ಪ ಮುಂದೆ ಚಾಚಿ, ಗಂಟಲಿನ ದನಿ ಸೇರಿಸದೆ ಬರೀ ಉಸಿರಿನಲ್ಲಿ "ಪಿಶ್–ಪಿಶ್–ಪಿಶ್" ಎನ್ನುವುದು. ಮೂರರಿಂದ ಐದು ಒಟ್ಟಿಗೆ, ಸೆಕೆಂಡಿಗೆ ಎರಡು ಮೂರು, ಕೊನೆಯದನ್ನು ತುಸು ಒತ್ತಿ. ಇನ್ನೂ ಒರಟು ಬೇಕಾದರೆ "ಪ್ಶ್ಶ್ಜ್" ಎಂದು ನಾಲಿಗೆಯ ತುದಿಯನ್ನು ಮೇಲಂಗಳಕ್ಕೆ ತಾಗಿಸಿ ನಡುಗಿಸಬಹುದು. ಮುಂಗೈಯ ಹಿಂಬದಿಗೆ ಒದ್ದೆ ತುಟಿಯಿಟ್ಟು ಒಳಕ್ಕೆ ಹೀರಿದರೆ ಬರುವ ಚೀರುದನಿಯೂ ಹಳೆಯ ಉಪಾಯ. ಬರ್ಡ್ ಕಾಲ್‌ನ ಕೀಂಗಿಂತ ಅದು ದಪ್ಪ, ಹಾಗಾಗಿ ವಾಸಿ. ಇವೆರಡನ್ನೂ ಕಲಿತವರಿಗೆ ಬರ್ಡ್ ಕಾಲ್ ಯಾಕೆ ಬೇಕು ಎಂದರೆ ಮುಖ್ಯವಾಗಿ ಎರಡು ಕಾರಣ. ಬಾಯಿ ಒಣಗುತ್ತದೆ, ಐದಾರು ನಿಮಿಷದ ಪಿಶಿಂಗ್ ಆದ ಮೇಲೆ ದನಿ ಸಪ್ಪೆಯಾಗುತ್ತದೆ. ಮತ್ತೆ, ಒಂದೇ ಹಕ್ಕಿಯ ಗದರಿಕೆಗಿಂತ ಎರಡು ಭಿನ್ನ ದನಿಗಳು ಕೂಡಿದರೆ ಹೆಚ್ಚು ನಂಬಿಕೆ ಹುಟ್ಟಿಸುತ್ತವೆ: ಬಾಯಿಯಿಂದ ಒರಟು ಪಿಶ್, ಅದರ ಸಂದಿಯಲ್ಲಿ ಕೈಯಿಂದ ಚಿಕ್ ಚಿಕ್. ಈ ಎರಡನೇ ದನಿಯಾಗಿ ಕೊಂಡರೆ ಮಾತ್ರ ಇದಕ್ಕೆ ಕೊಟ್ಟ ಹಣ ಸಾರ್ಥಕ.

ಹೊಲದಂಚು, ಕಾಡಂಚು, ತೊರೆಯ ಪಕ್ಕದ ಪೊದೆಸಾಲು ಇದಕ್ಕೆ ಹೇಳಿಮಾಡಿಸಿದ ಜಾಗ. ನಿಲ್ಲುವ ಸ್ಥಳ ಆರಿಸುವಾಗ ಒಂದು ವಿಷಯ ಮರೆಯಬಾರದು: ಹಕ್ಕಿ ಬಂದು ಕೂರಲು ನಿಮ್ಮಿಂದ ಮೂರರಿಂದ ಐದು ಮೀಟರಿನಲ್ಲಿ ಒಂದು ತೆರೆದ ಕೊಂಬೆ ಇರಬೇಕು, ಆ ಕೊಂಬೆಯ ಬೆನ್ನಿಗೆ ಓಡಿ ಅಡಗಲು ದಟ್ಟ ಎಲೆಯೂ ಇರಬೇಕು. ಬಯಲು ದಾಟಿ ಬಾ ಎಂದರೆ ಯಾವ ಉಲಿಯಕ್ಕಿಯೂ ಬರುವುದಿಲ್ಲ. ಬೆನ್ನಿಗೊಂದು ಮರದ ಕಾಂಡ ಸಿಕ್ಕರೆ ಮನುಷ್ಯನ ಆಕಾರ ಒಡೆಯುತ್ತದೆ. ಸೂರ್ಯ ಹಿಂದಿದ್ದರೆ ನೋಡಲೂ ಚೆನ್ನ. ಮಾಸಲು ಬಣ್ಣದ ಬಟ್ಟೆ ಸಾಕು, ಕ್ಯಾಮೊಫ್ಲಾಜ್ ಜಾಕೆಟ್‌ಗೆ ಖರ್ಚು ಮಾಡಬೇಕಿಲ್ಲ. ಅಲುಗಾಡದಿರುವುದು ಬಟ್ಟೆಗಿಂತ ಮುಖ್ಯ.

ನಿಂತ ಮೇಲೆ ಒಂದೆರಡು ನಿಮಿಷ ಸುಮ್ಮನಿರಿ. ನಂತರ ಐದಾರು ಸೆಕೆಂಡು ಪಿಶ್, ಕೂಡಲೇ ಬರ್ಡ್ ಕಾಲ್‌ನ ಚಿರ್ರ್ ಎರಡು ಮೂರು ಸಲ, ಆಮೇಲೆ ಇಪ್ಪತ್ತು ಸೆಕೆಂಡು ಮೌನ. ಈ ಮೌನವೇ ಹೆಚ್ಚಿನವರು ನುಂಗಿಹಾಕುವ ಭಾಗ. ಹಕ್ಕಿ ಉತ್ತರಿಸಿದ್ದು ಕೇಳಬೇಕಾದರೆ ನಿಮ್ಮ ಸದ್ದು ನಿಲ್ಲಬೇಕು; ಹುಡುಕುತ್ತಾ ಅದು ಎಲೆಯಿಂದ ಎಲೆಗೆ ಹಾರಿ ಹತ್ತಿರ ಬರುವುದೂ ಈ ಬಿಡುವಿನಲ್ಲೇ. ಇದನ್ನು ನಾಲ್ಕೈದು ಸುತ್ತು ಮಾಡಿ. ಮೊದಲು ಒಂದು ಚೇಕಡಿಯೋ ಪಿಕಳಾರವೋ ಬಂದು ತಾನೇ ಗದರತೊಡಗಿದರೆ ಅರ್ಧ ಕೆಲಸ ಮುಗಿಯಿತು. ಅಲ್ಲಿಂದಾಚೆ ಕರೆಯುವುದು ಅದೇ, ನೀವು ಆಗೊಂದು ಈಗೊಂದು ಚಿಕ್ ಹಾಕಿದರೆ ಸಾಕು. ಮೂರು ನಿಮಿಷದಲ್ಲಿ ಯಾವುದೂ ಮಿಸುಕದಿದ್ದರೆ ಆ ಜಾಗದಲ್ಲಿ ಯಾರೂ ಇಲ್ಲ, ಅಥವಾ ಇದ್ದವಕ್ಕೆ ಇಷ್ಟವಿಲ್ಲ. ನೂರು ಮೀಟರ್ ಮುಂದೆ ಹೋಗಿ. ಗಾಳಿ ಜೋರಿದ್ದರೆ ಸಾಧನ ಜೇಬಿನಲ್ಲೇ ಇರಲಿ.

ಯಾರು ಬರುತ್ತಾರೆ? ಚೇಕಡಿ, ನಟ್‌ಹ್ಯಾಚ್, ಉಲಿಯಕ್ಕಿಗಳು, ಟುವ್ವಿ, ಬೆಳ್ಗಣ್ಣ, ಸೂರಕ್ಕಿ, ನೊಣಹಿಡುಕ, ಪಿಕಳಾರ, ಹರಟೆಮಲ್ಲ: ಗುಂಪಿನಲ್ಲಿ ಮೇಯುವ, ಮಾಬಿಂಗ್‌ನಲ್ಲಿ ಭಾಗವಹಿಸುವ ಹಕ್ಕಿಗಳು. ಹಲವು ಜಾತಿಗಳು ಕೂಡಿ ಕಾಡಿನಲ್ಲಿ ಅಲೆಯುವ ಮಿಶ್ರಗುಂಪು ಹತ್ತಿರದಲ್ಲಿದ್ದರೆ ಅದೇ ಸುಗ್ಗಿ. ಗೂಡು ಕಟ್ಟುವ ಕಾಲ ಕಳೆದ ಮೇಲೆ ಇಂಥ ಗುಂಪುಗಳು ಹೆಚ್ಚಾಗುವುದರಿಂದ ಪ್ರತಿಕ್ರಿಯೆಯೂ ಆಗಲೇ ಹೆಚ್ಚು. ಬೆಳವ, ಪಾರಿವಾಳ, ಕುಟುರ, ಬಾನಾಡಿ (ಸ್ವಿಫ್ಟ್) ತಿರುಗಿಯೂ ನೋಡುವುದಿಲ್ಲ. ನೀರುಹಕ್ಕಿಗಳಿಗೆ ಈ ಸಾಧನ ಲೆಕ್ಕಕ್ಕೇ ಇಲ್ಲ. ಬಿಜ್ಜುವಿನಂಥ ಬೇಟೆಹಕ್ಕಿಗಳು ಮಾತ್ರ ಕರೆಯದೆಯೂ ಬರಬಹುದು. ಸಂಕಟದ ಚೀರು ಅವಕ್ಕೆ ಊಟದ ಸುಳಿವು. ಬಿಜ್ಜು ಕಂಡರೆ ತಕ್ಷಣ ನಿಲ್ಲಿಸಿ. ನಿಮ್ಮ ಕುತೂಹಲಕ್ಕೆ ಹೊರಗೆ ಬಂದ ಹಕ್ಕಿ ಅದರ ಕಾಲಿಗೆ ಸಿಕ್ಕಬಾರದು.

ಬರ್ಡ್ ಕಾಲ್ ಪಕ್ಕದಲ್ಲಿಟ್ಟು ಹೋಲಿಸಬೇಕಾದ ನಿಜವಾದ ಪ್ರತಿಸ್ಪರ್ಧಿ ಪುಟ್ಟ ಗೂಬೆಯ ಶಿಳ್ಳೆ. ಅಮೆರಿಕದ ಕಪ್ಪುಟೋಪಿಯ ಚಿಕಡೀ ಹಕ್ಕಿಗಳ ಮೇಲೆ ನಡೆದು 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದರ ಗುಟ್ಟು ತೋರಿಸುತ್ತದೆ. ಶತ್ರು ಎಷ್ಟು ಸಣ್ಣದೋ, ಅಂದರೆ ಎಷ್ಟು ಚುರುಕಾಗಿ ಸಣ್ಣ ಹಕ್ಕಿಯನ್ನು ಹಿಡಿಯಬಲ್ಲದೋ, ಚಿಕಡೀ ತನ್ನ ಗದರಿಕೆಯ ಕೊನೆಗೆ ಅಷ್ಟು ಹೆಚ್ಚು "ಡೀ"ಗಳನ್ನು ಸೇರಿಸುತ್ತದೆ. ದೊಡ್ಡ ಕೊಂಬಿನ ಗೂಬೆಗಿಂತ ಗುಬ್ಬಿಗಾತ್ರದ ಪಿಗ್ಮಿ ಗೂಬೆಗೆ ಹೆಚ್ಚು ಗಲಾಟೆ. ಕನ್ನಡದಲ್ಲಿ ಹಾಲಕ್ಕಿ ಎನ್ನುವ ಪುಟ್ಟ ಗೂಬೆಗಳ ಬಳಗದಲ್ಲಿ ಹಗಲಲ್ಲೂ ಕೂಗಿ ಬೇಟೆಯಾಡುವ ಜಾತಿಗಳಿವೆ. ಅವುಗಳ ಕೂಗು ತುಟಿಯ ಶಿಳ್ಳೆಗೆ ಸಿಗುತ್ತದೆ. ಏಷ್ಯಾದ ಕಾಲರ್ ಹಾಲಕ್ಕಿಯದು ನಾಲ್ಕು ಸ್ವರದ ಮೆದು ಶಿಳ್ಳೆ: ಒಂದು, ಬಿಡುವು, ಜೋಡಿ, ಬಿಡುವು, ಮತ್ತೊಂದು. ಅಮೆರಿಕ ಖಂಡಗಳ ಫೆರುಜಿನಸ್ ಪಿಗ್ಮಿ ಗೂಬೆಯದು ಒಂದೇ ಸ್ವರದ ಸರಣಿ. ಯಾವ ಊರಲ್ಲಿದ್ದೀರೋ ಅಲ್ಲಿನ ಪುಟ್ಟ ಗೂಬೆಯನ್ನೇ ಕಲಿಯಬೇಕು. ಅಲ್ಲಿ ಇಲ್ಲದ ಗೂಬೆಯ ದನಿಗೆ ಹಕ್ಕಿಗಳು ಅಷ್ಟಾಗಿ ಕಿವಿಗೊಡುವುದಿಲ್ಲ.

ಹಾಲಕ್ಕಿಯ ಶಿಳ್ಳೆ ದೂರದವರನ್ನೂ ಎಬ್ಬಿಸುತ್ತದೆ, ಕೈ ಖಾಲಿ ಬಿಡುತ್ತದೆ, ಹಣ ಕೇಳುವುದಿಲ್ಲ. ಪರಿಣಾಮದಲ್ಲಿ ಬರ್ಡ್ ಕಾಲ್ ಅದರ ಹತ್ತಿರಕ್ಕೂ ಬರುವುದಿಲ್ಲ ಎಂದು ಒಪ್ಪಲೇಬೇಕು. ಎಲ್ಲವನ್ನೂ ಬಲ್ಲವರು ಮೊದಲು ಒಂದು ನಿಮಿಷ ಹಾಲಕ್ಕಿ, ನಂತರ ಪಿಶ್, ಹಕ್ಕಿ ಹತ್ತಿರ ಬಂದಾಗ ಬರ್ಡ್ ಕಾಲ್ ಎಂಬ ಕ್ರಮ ಹಿಡಿಯುತ್ತಾರೆ. ಗೂಬೆ ಕೂಗಿತು, ಯಾರೋ ಗದರಿದರು, ಇನ್ಯಾರೋ ಜೊತೆಗೂಡಿದರು: ಕಾಡಿನಲ್ಲಿ ನಿಜವಾಗಿ ನಡೆಯುವ ಕ್ರಮವೂ ಅದೇ. ತಿರುಗುಮುರುಗು ಮಾಡಿ, ಹಕ್ಕಿ ಎರಡು ಮೀಟರಿನಲ್ಲಿರುವಾಗ ಗೂಬೆ ಕೂಗಿಸಿದರೆ ಗೂಬೆಯ ಬದಲು ಮನುಷ್ಯನ ಮುಖ ಕಂಡು ಆಟ ಮುಗಿಯುತ್ತದೆ.

ಇನ್ನು ಕೆಡುವ ಬಗೆ. ಸದ್ದು ಹೋಯಿತು ಎಂಬ ದೂರುಗಳಲ್ಲಿ ಬಹುಪಾಲು ರೋಸಿನ್ ತೀರಿದ್ದಷ್ಟೇ. ಬಿರಡೆ ನುಣ್ಣಗೆ, ಸದ್ದಿಲ್ಲದೆ ತಿರುಗುತ್ತಿದ್ದರೆ ಅದನ್ನು ಹೊರತೆಗೆದು ತೂತಿನೊಳಗೆ ಅಕ್ಕಿಕಾಳಿನಷ್ಟು ರೋಸಿನ್ ಪುಡಿ ಉದುರಿಸಿ, ಬಿರಡೆ ಹಾಕಿ ಹತ್ತು ಹದಿನೈದು ಸಲ ತಿರುಗಿಸಿ, ತಲೆಕೆಳಗೆ ತಟ್ಟಿ ಹೆಚ್ಚಾದದ್ದನ್ನು ಬೀಳಿಸಿ. ಸಾಧನದ ಜೊತೆ ಬಂದ ಪುಡಿ ಮುಗಿದರೆ ಪಿಟೀಲಿನ ರೋಸಿನ್ ಬಿಲ್ಲೆಯ ಮೂಲೆ ಮುರಿದು ಕಾಗದದ ಮಡಿಕೆಯಲ್ಲಿಟ್ಟು ಚಮಚದಿಂದ ಅರೆದರೆ ಆಯಿತು. ಒಂದು ಬಿಲ್ಲೆ ವರ್ಷಗಟ್ಟಲೆ ಬರುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಸದ್ದು ಎಂಬ ಲೆಕ್ಕ ತಪ್ಪು: ಪುಡಿ ಗಟ್ಟಿಯಾಗಿ ಬಿರಡೆ ಕಚ್ಚಿಕೊಳ್ಳುತ್ತದೆ, ತಿರುಚಿದರೆ ಕಟಕ್ ಎನ್ನುತ್ತದೆ ಅಷ್ಟೇ.

ಕಚ್ಚಿಕೊಂಡ ಬಿರಡೆಯನ್ನು ಇಕ್ಕಳದಿಂದ ಎಳೆಯಬೇಡಿ, ಮೆದು ಲೋಹ ಗೀರುಬಿದ್ದು ಹಾಳಾಗುತ್ತದೆ. ಕೈಯಿಂದಲೇ ಸಣ್ಣಗೆ ಅತ್ತಿತ್ತ ಆಡಿಸುತ್ತಾ ಹೊರತೆಗೆದು, ಸ್ಪಿರಿಟ್ ಸೋಕಿಸಿದ ಬಟ್ಟೆಯಿಂದ ಲೋಹವನ್ನು ಒರೆಸಿ. ರೋಸಿನ್ ಸ್ಪಿರಿಟ್‌ನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ತೂತಿನೊಳಗೆ ಸ್ಪಿರಿಟ್ ಸುರಿಯುವುದು ಬೇಡ. ಕರಗಿದ ರಾಳ ಮರದ ಎಳೆಗಳಿಗೆ ಇಳಿದು ಮೆರುಗೆಣ್ಣೆಯ ಹಾಗೆ ಕೂತುಬಿಡುತ್ತದೆ. ಒಣ ಹತ್ತಿಕಡ್ಡಿ ಅಥವಾ ಸುರುಳಿ ಸುತ್ತಿದ ಮರಳುಕಾಗದದಿಂದ ಒಮ್ಮೆ ಹಗುರವಾಗಿ ಕೆರೆದರೆ ಸಾಕು. ಕಿರಕಿರಿ ತಪ್ಪಿಸಲು ಎಣ್ಣೆ ಹಾಕುವವರೂ ಇದ್ದಾರೆ! ಎಣ್ಣೆ ಬಿದ್ದ ಮರ ಮತ್ತೆ ಹಾಡುವುದು ಅನುಮಾನ, ಏಕೆಂದರೆ ಎಣ್ಣೆ ಇರುವಲ್ಲಿ ರಾಳಕ್ಕೆ ಹಿಡಿತವೇ ಇಲ್ಲ. ಬೆವರಿದ ಕೈ, ಮಂಜಿನ ಬೆಳಗು, ಮಳೆ ಇವೂ ಇದೇ ತೊಂದರೆ ಕೊಡುತ್ತವೆ. ತೇವ ಹೀರಿದ ಮರದ ಅಳತೆ ಬದಲಾಗುತ್ತದೆ, ಪುಡಿ ಮುದ್ದೆಯಾಗುತ್ತದೆ. ಚಿಕ್ಕ ಜಿಪ್ ಚೀಲದಲ್ಲಿಟ್ಟುಕೊಂಡರೆ ಪರಿಹಾರ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಕಾವಿಗೆ ರೋಸಿನ್ ಮೆತ್ತಗಾಗಿ ಅಂಟುತ್ತದೆ.

ಇಷ್ಟು ಸರಳ ವಸ್ತುವನ್ನು ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ ಎಂದರೆ, ಹೌದು. ಚೆನ್ನಾಗಿ ಒಣಗಿದ ಗಟ್ಟಿಮರದ ತುಂಡು, ಸುಮಾರು 5 ಸೆಂಮೀ ಉದ್ದ, 2.5 ಸೆಂಮೀ ದಪ್ಪ. ಉದ್ದನೆಯ ಎಳೆಗಳ ದಿಕ್ಕಿನಲ್ಲಿ, ತುದಿಯಿಂದ ಒಳಕ್ಕೆ 2.5 ಸೆಂಮೀ ಆಳದ ತೂತು. 6 ಮಿಮೀ ಮರೆಯ (ಸ್ಕ್ರೂವಿನಂತೆ ಸುತ್ತುಗೆರೆ ಇರುವ) ಬೋಲ್ಟ್ ಹಾಕುವುದಾದರೆ 5.5 ಮಿಮೀ ಬಿಟ್‌ನಿಂದ ಕೊರೆಯಿರಿ. ತಲೆಯಲ್ಲಿ ಬಳೆಯಿರುವ ಐ ಬೋಲ್ಟ್ ಆದರೆ ಹಿಡಿಯಲು ಅನುಕೂಲ. ಮೊದಲ ಸಲ ಬಲ ಹಾಕಿ ತಿರುಗಿಸಿ ಒಳಗಿಳಿಸಿ, ಪೂರ್ತಿ ಹೊರತೆಗೆದು, ಮರದ ಹೊಟ್ಟು ತಟ್ಟಿ ತೆಗೆದು, ರೋಸಿನ್ ಉದುರಿಸಿ ಮತ್ತೆ ಹಾಕಿ. ಸಡಿಲಾದರೆ ಸದ್ದಿಲ್ಲ, ಬಿಗಿಯಾದರೆ ತಿರುಗುವುದಿಲ್ಲ, ಹಾಗಾಗಿ 5.5ರ ಜೊತೆ 5.8ರ ಬಿಟ್ಟೂ ಕೈಯಲ್ಲಿರಲಿ. ತೇಗದಂಥ ಎಣ್ಣೆಯಂಶದ ಮರ, ಪ್ಯಾಕಿಂಗ್ ಪೆಟ್ಟಿಗೆಯ ಮೆದು ಮರ ಎರಡೂ ಬೇಡ. ಮರೆಯಿರುವ ಬೋಲ್ಟ್‌ನ ಸದ್ದು ಕೊಂಡದ್ದಕ್ಕಿಂತ ಒರಟಾಗಿರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಗುಣವೇ, ಗದರಿಕೆಗೆ ಆ ಒರಟುತನ ಒದಗುತ್ತದೆ. ನುಣುಪಾದ "ಚಿಕ್" ಮಾತ್ರ ಕೊಂಡದ್ದರಲ್ಲೇ ಚೆಂದ.

ಇದರ ಬದಲು ಫೋನ್ ಸಾಲದೇ ಎನ್ನುವವರು ಬಹಳ. 2005ರಲ್ಲಿ ಶುರುವಾದ ಕ್ಸೀನೋ–ಕ್ಯಾಂಟೋ ತಾಣದಲ್ಲಿ ಪ್ರಪಂಚದ ಬಹುತೇಕ ಹಕ್ಕಿಗಳ ದನಿ ಪುಕ್ಕಟೆ ಸಿಗುತ್ತದೆ. ಹೀಗೆ ರೆಕಾರ್ಡ್ ಮಾಡಿದ ದನಿಯನ್ನು ಹಕ್ಕಿಗೆ ಕೇಳಿಸುವ ಪ್ಲೇಬ್ಯಾಕ್ ಬಲವಾದ ಅಸ್ತ್ರ ಎಂಬುದೇ ಅದರ ತೊಂದರೆ. ಬರ್ಡ್ ಕಾಲ್‌ನ ಸದ್ದಿಗೆ ಬರುವ ಹಕ್ಕಿ ಏನೋ ಗಲಾಟೆ ಎಂದು ಇಣುಕಿ ಹೋಗುತ್ತದೆ. ತನ್ನದೇ ಜಾತಿಯ ಗಂಡಿನ ಹಾಡು ಕೇಳಿದ ಹಕ್ಕಿ, ಗಡಿಯೊಳಗೆ ಎದುರಾಳಿ ನುಗ್ಗಿದ್ದಾನೆ ಎಂದು ಮೇವು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಈಕ್ವೆಡಾರ್‌ನಲ್ಲಿ ರೆನ್ ಮತ್ತು ಆಂಟ್‌ಪಿಟ್ಟಾ ಜಾತಿಯ ಎರಡು ಹಕ್ಕಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಲೇಬ್ಯಾಕ್ ಹಕ್ಕಿಗಳ ಕೂಗಾಟವನ್ನು ಬದಲಿಸಿದ್ದೂ, ಪದೇ ಪದೇ ಕೇಳಿಸಿದಾಗ ರೆನ್‌ಗಳು ಕ್ರಮೇಣ ಉತ್ತರಿಸುವುದನ್ನೇ ಕಡಿಮೆ ಮಾಡಿದ್ದೂ ಕಂಡುಬಂದಿತು. ಕಾನೂನೂ ಇವೆರಡನ್ನು ಬೇರೆಬೇರೆಯಾಗಿ ನೋಡುತ್ತದೆ. ಅಮೆರಿಕದಲ್ಲಿ ವಲಸೆ ಬೇಟೆಹಕ್ಕಿಗಳನ್ನು ಸಾಮಾನ್ಯವಾಗಿ ಬಾಯಿಯ, ಕೈಯ ಕರೆಗಳಿಂದ ಕರೆಯಬಹುದು, ರೆಕಾರ್ಡ್ ಮಾಡಿದ ಅಥವಾ ವಿದ್ಯುತ್ತಿನಿಂದ ಹಿಗ್ಗಿಸಿದ ಸದ್ದು ನಿಷಿದ್ಧ. ಯುರೋಪಿಯನ್ ಒಕ್ಕೂಟದ ಪಕ್ಷಿ ನಿರ್ದೇಶನವೂ ನಿಷೇಧಿತ ಬೇಟೆ ವಿಧಾನಗಳ ಪಟ್ಟಿಯಲ್ಲಿ ಟೇಪ್ ರೆಕಾರ್ಡರನ್ನು ಹೆಸರಿಸಿದೆ. ನೋಡಲಷ್ಟೇ ಹೋಗುವವರಿಗೂ ಅನೇಕ ಸಂರಕ್ಷಿತ ಪ್ರದೇಶಗಳಲ್ಲಿ ಪ್ಲೇಬ್ಯಾಕ್ ನಿಷೇಧವಿದೆ. ಕೆಲವೆಡೆ ಈ ಮರದ ತುಂಡಿಗೂ ಅದೇ ನಿಯಮ ಅನ್ವಯಿಸಬಹುದು, ಗೇಟಿನಲ್ಲೇ ಕೇಳಿಕೊಳ್ಳಿ.

ಸಾಧನ ಸೌಮ್ಯ ಎಂದ ಮಾತ್ರಕ್ಕೆ ಎಲ್ಲ ಕಾಲಕ್ಕೂ ಸರಿ ಎಂದಲ್ಲ. ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿ ಬಂದು ಗದರುತ್ತಿದ್ದರೆ ಹತ್ತಿರದಲ್ಲೇ ಮರಿಗಳಿವೆ. ಬಿರಡೆ ಬಿಟ್ಟು ಹಿಂದೆ ಸರಿಯಿರಿ. ಗೂಡಿನ ಬಳಿ, ಅಪರೂಪದ ಹಕ್ಕಿಯ ಬಳಿ, ಚಳಿಯಲ್ಲಿ ಮುದುಡಿ ಕೂತ ಹಕ್ಕಿಯ ಬಳಿ ಬೇಡ. ದಿನವೂ ಜನ ಓಡಾಡುವ ಒಂದೇ ಹಾದಿಯ ಒಂದೇ ಪೊದೆಗೆ ಎಲ್ಲರೂ ಪಿಶ್ ಮಾಡಿದರೆ ಅಲ್ಲಿನ ಹಕ್ಕಿಗಳು ಬೇಗ ಜಾಣವಾಗುತ್ತವೆ. ಅಂಥ ಜಾಗದಲ್ಲಿ ಸಾಧನ ಕೆಲಸ ಮಾಡದಿದ್ದರೆ ಅದಕ್ಕೆ ಬೈಯಬೇಡಿ.

ಬಾತುಗಳನ್ನು ಕರೆಯುವ ಪೀಪಿಯೇ ಬೇಕಾದವರು ಇದನ್ನು ಕೊಳ್ಳಬಾರದು, ಅದು ಬೇರೆಯೇ ಕುಲ. ಅದರಲ್ಲಿ ಕೊಳವೆ, ಕೊಳವೆಗೆ ಸಿಕ್ಕುವ ಬೆಣೆ, ಬೆಣೆಯ ಮೇಲಿನ ಚಪ್ಪಟೆ ಹಲಗೆ, ಹಲಗೆಯ ಮೇಲೆ ತೆಳು ಪ್ಲಾಸ್ಟಿಕ್ ನಾಲಿಗೆ, ನಾಲಿಗೆಯನ್ನು ಒತ್ತಿಹಿಡಿಯುವ ಕಾರ್ಕ್ ಇರುತ್ತವೆ. 1904ರಲ್ಲಿ ಇಲಿನಾಯ್‌ನ ಪೆಕಿನ್ ಊರಿನಲ್ಲಿ ಫಿಲಿಪ್ ಓಲ್ಟ್ ಶುರು ಮಾಡಿದ ಕಂಪನಿಯ ಗಟ್ಟಿ ರಬ್ಬರಿನ ಡಿ–2 ಈ ಕುಲದ ಹೆಸರುವಾಸಿ ಹಿರಿಯ. ಒಂಟಿ ನಾಲಿಗೆಯದಕ್ಕೆ ಸ್ವರದ ವ್ಯಾಪ್ತಿ ಹೆಚ್ಚು, ಪಳಗಲು ಸಮಯವೂ ಹೆಚ್ಚು. ಜೋಡಿ ನಾಲಿಗೆಯದು ಹೊಸಬರಿಗೆ ಸುಲಭ, ಕರ್ಕಶತನ ತಾನೇ ಬರುತ್ತದೆ. ಎಂಜಲು ಸೇರಿ ನಾಲಿಗೆ ಹಲಗೆಗೆ ಅಂಟಿದರೆ ಕಾಗದದ ಚೂರನ್ನು ನಡುವೆ ತೂರಿಸಿ ಎಳೆಯಿರಿ. ಕಾರ್ಕ್ ಕಿತ್ತು ತೊಳೆಯಲು ಹೊರಟರೆ ಶ್ರುತಿ ಕೆಡುತ್ತದೆ.

ತಿರುಚುವ ಬರ್ಡ್ ಕಾಲ್ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಲು ಸಿಕ್ಕರೆ ಬಿರಡೆಯನ್ನು ಹೊರತೆಗೆದು ತೂತಿನ ಬಾಯಿ ನೋಡಿ. ಅಂಚಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಬೇಡ, ಅದು ಬೆಳೆಯುತ್ತದೆ, ಸದ್ದು ಸೋರುತ್ತದೆ. ಬಿರಡೆ ಪಕ್ಕಕ್ಕೆ ಅಲುಗಬಾರದು. ಹಗುರ ಒತ್ತಡಕ್ಕೆ ಚಿಕ್ ಬರಬೇಕು, ಬಲ ಹಾಕಿದರೆ ಮಾತ್ರ ಬರುತ್ತದೆಂದರೆ ಕೊರೆತ ಸರಿಯಿಲ್ಲ. ಪ್ಲಾಸ್ಟಿಕ್ ಒಡಲಿನ ನಕಲುಗಳನ್ನು ನೇರವಾಗಿ ಬದಿಗಿಡಿ. ಅವುಗಳ ಸದ್ದು ಆಟಿಕೆಯದ್ದು, ರೋಸಿನ್ ಅವುಗಳಲ್ಲಿ ನಿಲ್ಲುವುದೂ ಇಲ್ಲ. ದಾರ ಕಟ್ಟುವ ಬಳೆ ಇರುವುದನ್ನೇ ಆರಿಸಿ, ಏಕೆಂದರೆ ಇದು ಮುರಿದು ಹಾಳಾಗುವುದಕ್ಕಿಂತ ಹುಲ್ಲಿನಲ್ಲಿ ಬಿದ್ದು ಕಳೆದುಹೋಗುವುದೇ ಹೆಚ್ಚು. ತೀರ ಸಣ್ಣ ಮಕ್ಕಳ ಕೈಗೆ ಕೊಡುವುದು ಬೇಡ, ಬಿರಡೆ ಬಾಯಿಗೆ ಹೋಗುವ ಗಾತ್ರದ್ದು.